ಹೀಥ್ರೋದಿಂದ ಯೂಸ್ಟನ್‌ಗೆ, ಒಂದೂ ಮೆಟ್ಟಿಲು ಹತ್ತದೆ

ಬೇಸಿಗೆ ಬಂತೆಂದರೆ ಲಂಡನ್ನಿನ ರೈಲುಗಳಲ್ಲಿ ಅಲ್ಲಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಮಗಳ ಬಾಣಂತನಕ್ಕೆ, ಮಗನ ಹೊಸ ಮನೆ ನೋಡಲಿಕ್ಕೆ ಊರಿಂದ ಬಂದ ಅಪ್ಪ ಅಮ್ಮಂದಿರು. ತಲಾ ಇಪ್ಪತ್ತಮೂರು ಕೆ.ಜಿ.ಯ ಸೂಟ್‌ಕೇಸು, ಹೆಗಲಿಗೊಂದು ಬ್ಯಾಗು, ಕೈಯಲ್ಲಿ ಚಕ್ಕುಲಿ ಡಬ್ಬಿಯ ಚೀಲ. ಎಲ್ಲವನ್ನೂ ಹೊತ್ತು ಬೆಂಗಳೂರಿನಿಂದ ಹತ್ತು ಗಂಟೆ ಹಾರಿ ಬಂದವರು ಸೋಲುವುದು ಕೊನೆಯ ಇಪ್ಪತ್ತು ಮೆಟ್ಟಿಲಲ್ಲಿ.

ಕಳೆದ ವರ್ಷ ಯೂಸ್ಟನ್ ಸ್ಕ್ವೇರ್ ನಿಲ್ದಾಣದಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮೈಸೂರಿನ ಕಡೆಯವರು, ಅರವತ್ತೈದು ದಾಟಿದ ದಂಪತಿ. ಯಜಮಾನರು ಒಂದು ಸೂಟ್‌ಕೇಸನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಮೇಲೆ ಇಟ್ಟಿದ್ದರು. ಈಗ ಅದನ್ನು ಬಿಟ್ಟು ಕೆಳಗಿಳಿಯುವಂತಿಲ್ಲ. ಕೆಳಗೆ ಅವರ ಹೆಂಡತಿ, ಇನ್ನೊಂದರ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು, "ನೀವಲ್ಲೇ ಇರ್ರಿ, ನಾನೇ ತರ್ತೀನಿ" ಅನ್ನುತ್ತಿದ್ದರು. "ಬೇಡ ಕಣೇ, ನಿನ್ನ ಮಂಡಿ!" ಎಂದು ಇವರು ಮೇಲಿಂದ. ಹಳಿಗಳಾಚೆ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಲಿಫ್ಟ್ ಇತ್ತು. ಅವರು ಬಂದಿಳಿದ ಕಡೆ ಇರಲಿಲ್ಲ. ಮಗ ಫೋನಿನಲ್ಲಿ ನೋಡಿ ಅತಿ ಬೇಗ ತಲುಪುವ ದಾರಿಯನ್ನೇ ಹೇಳಿಕೊಟ್ಟಿದ್ದ.

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಮಿಲ್ಟನ್ ಕೀನ್ಸ್ ಕಡೆಯ ರೈಲು ಹೊರಡುವುದು ಯೂಸ್ಟನ್ನಿನಿಂದ. ಹೀಥ್ರೋ ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗುವ ಈ ದಾರಿಯಲ್ಲೇ ನಮ್ಮವರು ಹೆಚ್ಚು ತೊಂದರೆಪಡುವುದೂ. ಹಾಗಾಗಿ ಇದನ್ನೇ ಇಟ್ಟುಕೊಂಡು ಹೇಳುತ್ತೇನೆ.

1. ಹೊರಡುವ ಮೊದಲು, ಊರಲ್ಲೇ

ಸೂಟ್‌ಕೇಸಿಗೆ ಸುತ್ತಿದ ನೈಲಾನ್ ಹಗ್ಗವನ್ನು ವಿಮಾನ ಇಳಿದ ಕೂಡಲೇ ಬಿಚ್ಚಿ ಹಾಕಿ. ಅದರ ತುದಿ ಎಸ್ಕಲೇಟರಿನ ಹಲ್ಲಿಗೆ ಸಿಕ್ಕಿದರೆ ಗತಿ ಕೆಟ್ಟಿತು. ಸಡಿಲವಾದ ಬಟ್ಟೆಯ ಕವರುಗಳೂ ಹಾಗೆಯೇ, ಕೆಳಗಿನ ಅಂಚು ಜಾರಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಹೊಸ ಸೂಟ್‌ಕೇಸ್ ಕೊಳ್ಳುವವರಿದ್ದರೆ ಎರಡೇ ಚಕ್ರದ್ದು ಕೊಳ್ಳಿ. ನಾಲ್ಕು ಚಕ್ರದ್ದು ಅಂಗಡಿಯ ನುಣುಪು ನೆಲದ ಮೇಲೆ ಬೆರಳಲ್ಲಿ ತಳ್ಳಿದರೆ ಓಡುತ್ತದೆ ನಿಜ, ಆದರೆ ರೈಲು ಬ್ರೇಕ್ ಹಾಕಿದಾಗಲೂ ಹಾಗೇ ಓಡುತ್ತದೆ. ನಾಲ್ಕು ಚಕ್ರದ್ದೇ ಇದ್ದರೆ ರೈಲಿನಲ್ಲಿ ಅಡ್ಡ ಮಲಗಿಸಿಡಿ. ಒಬ್ಬೊಬ್ಬರಿಗೆ ಒಂದೇ ದೊಡ್ಡ ಪೆಟ್ಟಿಗೆ, ಬೆನ್ನಿಗೊಂದು ಬ್ಯಾಗು, ಅಷ್ಟೇ. ಕೈಚೀಲ ಬೇಡವೇ ಬೇಡ. ಲಿಫ್ಟಿನ ಗುಂಡಿ ಒತ್ತಲು, ಕಾರ್ಡ್ ಮುಟ್ಟಿಸಲು, ಕಂಬಿ ಹಿಡಿಯಲು ಒಂದು ಕೈ ಖಾಲಿ ಇರಲೇಬೇಕು.

2. ನಕ್ಷೆ ಓದುವುದು

ಲಂಡನ್ ಅಂಡರ್‌ಗ್ರೌಂಡ್, ಅಂದರೆ ಟ್ಯೂಬ್ ಎಂದು ಕರೆಯುವ ನಗರದ ರೈಲಿನ 272 ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಹೋಗಿಬರಬಹುದಾದವು ಸುಮಾರು ಮೂರನೇ ಒಂದು ಭಾಗ ಮಾತ್ರ. ನಕ್ಷೆಯಲ್ಲಿ ಅವಕ್ಕೆ ಗಾಲಿಕುರ್ಚಿಯ ಗುರುತು ಇರುತ್ತದೆ, ಅದರಲ್ಲೂ ಎರಡು ಬಗೆ. ನೀಲಿ ವೃತ್ತದೊಳಗೆ ಬಿಳಿ ಕುರ್ಚಿ ಇದ್ದರೆ ರಸ್ತೆಯಿಂದ ರೈಲಿನೊಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ವೃತ್ತದೊಳಗೆ ನೀಲಿ ಕುರ್ಚಿ ಇದ್ದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ ಇಲ್ಲ, ಅಲ್ಲಿಂದ ರೈಲಿನೊಳಕ್ಕೆ ಒಂದು ಎತ್ತರವೋ ಸಂದೋ ಇರುತ್ತದೆ. ಗಾಲಿಕುರ್ಚಿಯವರಿಗೆ ಇದು ದೊಡ್ಡ ವ್ಯತ್ಯಾಸ. ಪೆಟ್ಟಿಗೆಯವರು ಆ ಒಂದು ಎತ್ತರವನ್ನು ದಾಟಿಕೊಳ್ಳಬಹುದು, ಹಾಗಾಗಿ ನಮಗೆ ಎರಡೂ ಆದೀತು.

ಬಹಳ ಜನ ತಪ್ಪುವುದು ಇಲ್ಲಿ: ಗುರುತು ಇದೆ ಎಂದ ಮಾತ್ರಕ್ಕೆ ಎಲ್ಲ ದಿಕ್ಕಿಗೂ, ಎಲ್ಲ ಲೈನಿಗೂ ಲಿಫ್ಟ್ ಇದೆ ಎಂದಲ್ಲ. ಲಂಡನ್ನಿನ ಸಾರಿಗೆ ಸಂಸ್ಥೆಯ ಟಿಎಫ್‌ಎಲ್ ಗೋ ಎಂಬ ಆ್ಯಪ್ ಹಾಕಿಕೊಂಡು ಅದರಲ್ಲಿ ಸ್ಟೆಪ್-ಫ್ರೀ, ಅಂದರೆ ಮೆಟ್ಟಿಲಿಲ್ಲದ ದಾರಿ, ಎಂಬುದನ್ನು ಆನ್ ಮಾಡಿ. ಯಾವ ಲಿಫ್ಟ್ ಇವತ್ತು ಕೆಟ್ಟಿದೆ ಎಂಬುದನ್ನೂ ಅದು ತೋರಿಸುತ್ತದೆ. ಮಕ್ಕಳು ಇದನ್ನು ಹೊರಡುವ ದಿನ ಬೆಳಿಗ್ಗೆ ನೋಡಿ ಹೇಳಬೇಕು. ವಾರದ ಹಿಂದೆ ನೋಡಿದ್ದರಿಂದ ಏನೂ ಪ್ರಯೋಜನವಿಲ್ಲ.

3. ಹೀಥ್ರೋದಲ್ಲಿ ಯಾವ ರೈಲು

ಮೂರು ರೈಲುಗಳಿವೆ. ಹೀಥ್ರೋ ಎಕ್ಸ್‌ಪ್ರೆಸ್ ಹತ್ತಬೇಡಿ. ಹದಿನೈದು ನಿಮಿಷದಲ್ಲಿ ಪ್ಯಾಡಿಂಗ್‌ಟನ್ ತಲುಪುತ್ತದೆ, ಆದರೆ ಅಲ್ಲಿಗೇ ನಿಲ್ಲುತ್ತದೆ. ದುಬಾರಿ ಹಣ ಕೊಟ್ಟು ಒಂದು ಬದಲಾವಣೆಯನ್ನು ಕೊಂಡಂತೆ. ಪಿಕಡಿಲಿ ಲೈನ್ ನಿಧಾನ, ನಗರದ ನಡುವಿಗೆ ಹೆಚ್ಚುಕಮ್ಮಿ ಒಂದು ಗಂಟೆ. ಎಲಿಜಬೆತ್ ಲೈನ್ 2022ರ ಮೇ 24ರಂದು ಶುರುವಾದದ್ದು, ಹೊಸದು, ಅಗಲ, ತಂಪು. ಹೀಥ್ರೋದಲ್ಲೂ ನಗರದ ನಡುವಿನ ನಿಲ್ದಾಣಗಳಲ್ಲೂ ಪ್ಲಾಟ್‌ಫಾರ್ಮಿಗೂ ರೈಲಿಗೂ ನೆಲ ಒಂದೇ ಮಟ್ಟ. ಯೂಸ್ಟನ್ನಿಗೆ ಹೋಗುವವರು ಇದನ್ನೇ ಹತ್ತಿ.

ಗೇಟಿನಲ್ಲಿ ಮುಟ್ಟಿಸಲು ತಲಾ ಒಂದು ಕಾರ್ಡ್ (ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡೋ, ಲಂಡನ್ನಿನ ಆಯ್ಸ್ಟರ್ ಕಾರ್ಡೋ) ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಒಳಗೆ ಮುಟ್ಟಿಸಿದ ಕಾರ್ಡನ್ನೇ ಹೊರಗೂ ಮುಟ್ಟಿಸಿ. ಅಗಲದ ಗೇಟು ಒಂದು ತುದಿಯಲ್ಲಿರುತ್ತದೆ.

4. ಯಾವ ಬೋಗಿ

ಎಲಿಜಬೆತ್ ಲೈನಿನ ರೈಲಿಗೆ ಒಂಬತ್ತು ಬೋಗಿ, ಉದ್ದ ಇನ್ನೂರು ಮೀಟರು ದಾಟುತ್ತದೆ. ನಗರದ ನಡುವಿನ ಕೆಲವು ನಿಲ್ದಾಣಗಳಿಗೆ ಎರಡು ತುದಿಯಲ್ಲಿ ಎರಡು ಬಾಗಿಲು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದೆರಡು ಬೀದಿಗಳೇ ಇರುತ್ತವೆ. ನಾವು ಇಳಿಯಬೇಕಾದ ಫ್ಯಾರಿಂಗ್‌ಡನ್ನಿನಲ್ಲಿ ಹಿಂದಿನ ತುದಿ ಫ್ಯಾರಿಂಗ್‌ಡನ್ ಕಡೆ, ಮುಂದಿನ ತುದಿ ಬಾರ್ಬಿಕನ್ ಕಡೆ. ಹಾಗಾಗಿ ಹೀಥ್ರೋದಲ್ಲೇ ಹಿಂದಿನ ಬೋಗಿಗಳಲ್ಲಿ ಕೂತುಕೊಳ್ಳಿ. ಲಿವರ್‌ಪೂಲ್ ಸ್ಟ್ರೀಟಿನಿಂದ ದೊಡ್ಡ ರೈಲು ಹಿಡಿಯುವವರಿಗೆ ಇದು ತಿರುಗುಮುರುಗು, ಅವರು ಮುಂದೆ ಕೂರಬೇಕು.

5. ಫ್ಯಾರಿಂಗ್‌ಡನ್: ಇಲ್ಲಿ ಅವಸರ ಬೇಡ

ಇಡೀ ಪಯಣದ ಕಷ್ಟವೆಲ್ಲ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಓದಿ.

ಹೀಥ್ರೋ ಬಿಟ್ಟು ಮುಕ್ಕಾಲು ಗಂಟೆಯೊಳಗೆ ಪ್ಯಾಡಿಂಗ್‌ಟನ್, ಬಾಂಡ್ ಸ್ಟ್ರೀಟ್, ಟಾಟನ್‌ಹ್ಯಾಮ್ ಕೋರ್ಟ್ ರೋಡ್ ದಾಟಿ ಫ್ಯಾರಿಂಗ್‌ಡನ್ ಬರುತ್ತದೆ. ಪ್ಯಾಡಿಂಗ್‌ಟನ್ನಿನಲ್ಲಿ ಇಳಿಯಬೇಡಿ. ಫೋನು ಅಲ್ಲೇ ಇಳಿದು ಸರ್ಕಲ್ ಅಥವಾ ಹ್ಯಾಮರ್‌ಸ್ಮಿತ್ ಆ್ಯಂಡ್ ಸಿಟಿ ಲೈನ್ ಹಿಡಿಯಿರಿ ಎನ್ನುತ್ತದೆ. ನೋಡಲಿಕ್ಕೆ ನೇರ ದಾರಿ. ಆದರೆ ಆ ರೈಲು ಪೂರ್ವಕ್ಕೆ ಹೋಗುವಂಥದ್ದು, ಯೂಸ್ಟನ್ ಸ್ಕ್ವೇರಿನಲ್ಲಿ ನಿಮ್ಮನ್ನು ಪೂರ್ವದ ಪ್ಲಾಟ್‌ಫಾರ್ಮಿನಲ್ಲಿ ಇಳಿಸುತ್ತದೆ. ಅಲ್ಲಿ ಲಿಫ್ಟಿಲ್ಲ, ಮೆಟ್ಟಿಲು ಮಾತ್ರ. ಆ ಮೈಸೂರಿನ ದಂಪತಿ ಸಿಕ್ಕಿಬಿದ್ದದ್ದು ಇದೇ ದಾರಿಯಲ್ಲಿ. ಲಿಫ್ಟ್ ಇರುವುದು ಪಶ್ಚಿಮಕ್ಕೆ ಹೋಗುವ ರೈಲುಗಳ ಪ್ಲಾಟ್‌ಫಾರ್ಮಿನಲ್ಲಿ. ಅಲ್ಲಿಗೆ ಬರಬೇಕಾದರೆ ಯೂಸ್ಟನ್ ಸ್ಕ್ವೇರನ್ನು ನೆಲದಡಿಯಲ್ಲೇ ದಾಟಿ ಮುಂದೆ ಹೋಗಿ, ಪೂರ್ವದ ಕಡೆಯಿಂದ ವಾಪಸು ಬರಬೇಕು. ಫ್ಯಾರಿಂಗ್‌ಡನ್ನಿನವರೆಗೆ ಹೋಗುವುದು ಅದಕ್ಕೇ.

ಯೂಸ್ಟನ್ ಸ್ಕ್ವೇರಿನ ಈ ಹಳಿ ಲಂಡನ್ನಿನ ಮೊಟ್ಟಮೊದಲ ಸುರಂಗ ರೈಲಿನ ದಾರಿ. ಪ್ಯಾಡಿಂಗ್‌ಟನ್ನಿನಿಂದ ಫ್ಯಾರಿಂಗ್‌ಡನ್ನಿನವರೆಗೆ 1863ರ ಜನವರಿಯಲ್ಲಿ ಉಗಿ ಎಂಜಿನ್ ಓಡಿಸಿದ್ದರು. ರಸ್ತೆಯನ್ನು ಅಗೆದು, ಹಳಿ ಹಾಕಿ, ಮೇಲೆ ಮುಚ್ಚಿದ್ದು. ಎರಡು ದಿಕ್ಕಿನ ಪ್ಲಾಟ್‌ಫಾರ್ಮುಗಳು ಎರಡು ದಡದಲ್ಲಿವೆ, ಹಾಗಾಗಿ ಒಂದು ದಡಕ್ಕೆ ಹಾಕಿದ ಲಿಫ್ಟ್ ಇನ್ನೊಂದು ದಡದವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಫ್ಯಾರಿಂಗ್‌ಡನ್ನಿನಲ್ಲಿ ರೈಲಿನಿಂದ ಇಳಿದು ಜನರ ಹಿಂದೆ ಹೋಗಬೇಡಿ. ಜನ ಎಸ್ಕಲೇಟರಿಗೆ ಹೋಗುತ್ತಾರೆ. ಗೋಡೆಗೆ ಒತ್ತಿ ನಿಂತು, ಗುಂಪು ಕರಗುವವರೆಗೆ ಒಂದು ನಿಮಿಷ ಕಾಯಿರಿ. ಆಮೇಲೆ ಫ್ಯಾರಿಂಗ್‌ಡನ್ ಕಡೆಯ ಲಿಫ್ಟಿನ ಬೋರ್ಡು ಹುಡುಕಿ. ಮೇಲೆ ಬಂದು, ಗೇಟಿನಲ್ಲಿ ಕಾರ್ಡ್ ಮುಟ್ಟಿಸಿ ಹೊರಬಂದರೆ ಕೌಕ್ರಾಸ್ ಸ್ಟ್ರೀಟ್. ಬೀದಿಯ ಆಚೆಗೆ ಹಳೆಯ ಅಂಡರ್‌ಗ್ರೌಂಡ್ ನಿಲ್ದಾಣದ ಬಾಗಿಲು. ಅದೇ ಕಾರ್ಡ್ ಮುಟ್ಟಿಸಿ ಒಳಗೆ ಹೋಗಿ, ಪಶ್ಚಿಮದ ಪ್ಲಾಟ್‌ಫಾರ್ಮಿನ ಲಿಫ್ಟಿನಲ್ಲಿ ಇಳಿಯಿರಿ. ಗುರುತಿಗೆ ಬೋರ್ಡಿನಲ್ಲಿ ಕಿಂಗ್ಸ್ ಕ್ರಾಸ್ ಎಂದು ಬರೆದಿರುವ ದಿಕ್ಕು. ಸರ್ಕಲ್, ಹ್ಯಾಮರ್‌ಸ್ಮಿತ್, ಮೆಟ್ರೊಪಾಲಿಟನ್, ಯಾವುದು ಮೊದಲು ಬಂದರೂ ಹತ್ತಿ. ಎರಡನೆಯ ನಿಲ್ದಾಣವೇ ಯೂಸ್ಟನ್ ಸ್ಕ್ವೇರ್. ಅಲ್ಲಿ ಲಿಫ್ಟಿನಲ್ಲಿ ನೇರ ಬೀದಿಗೆ.

"ಲಿಫ್ಟ್ ಯಾಕೆ, ಎಸ್ಕಲೇಟರ್ ಇದೆಯಲ್ಲ" ಎನ್ನುವವರಿಗೆ ಒಂದು ಮಾತು. ನನ್ನ ಅಮ್ಮ ಮೊದಲ ಸಲ ಬಂದಾಗ ನಾನೂ ಹಾಗೇ ಅಂದಿದ್ದೆ. ಪೆಟ್ಟಿಗೆಯನ್ನು ನನ್ನ ಹಿಂದಿನ ಮೆಟ್ಟಿಲಲ್ಲಿಟ್ಟು ಮೇಲೇರುತ್ತಿದ್ದೆ, ಅದರ ಹಿಂದೆ ಅಮ್ಮ. ಮೇಲೆ ತಲುಪುವಾಗ ಚಕ್ರ ಅಂಚಿಗೆ ತಗುಲಿ ಪೆಟ್ಟಿಗೆ ಹಿಂದಕ್ಕೆ ವಾಲಿತು. ಅಮ್ಮ ಎರಡೂ ಕೈಯಲ್ಲಿ ತಡೆದು ನಿಂತರು, ಕಂಬಿ ಬಿಟ್ಟು. ಬೀಳಲಿಲ್ಲ, ಆದರೆ ಆ ದಿನವೆಲ್ಲ ಅವರ ಮಣಿಕಟ್ಟು ನಡುಗುತ್ತಿತ್ತು. ಅಂದಿನಿಂದ ನನಗೆ ಇದರಲ್ಲಿ ರಾಜಿಯಿಲ್ಲ: ಇಪ್ಪತ್ತು ಕೆ.ಜಿ. ದಾಟಿದ ಪೆಟ್ಟಿಗೆ ಎಸ್ಕಲೇಟರ್ ಹತ್ತಕೂಡದು.

6. ಯೂಸ್ಟನ್ ಸ್ಕ್ವೇರಿನಿಂದ ಯೂಸ್ಟನ್ನಿಗೆ

ಹೆಸರು ಒಂದೇ ತರಹ, ನಿಲ್ದಾಣ ಬೇರೆ. ಸಿಗ್ನಲ್ಲಿನಲ್ಲಿ ಯೂಸ್ಟನ್ ರೋಡ್ ದಾಟಿ ಪೂರ್ವಕ್ಕೆ ನಡೆಯಿರಿ, ಪೆಟ್ಟಿಗೆ ಎಳೆದುಕೊಂಡು ಹತ್ತು ನಿಮಿಷ ಇಟ್ಟುಕೊಳ್ಳಿ. ಯೂಸ್ಟನ್ ಎಂದೇ ಹೆಸರಿರುವ ಟ್ಯೂಬ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನಿಂದ ಮೇಲೆ ಬರಲು ಲಿಫ್ಟಿಲ್ಲ. ಹತ್ತಿರ ಎಂದು ವಿಕ್ಟೋರಿಯಾ ಲೈನಿನಲ್ಲೋ ನಾರ್ದರ್ನ್ ಲೈನಿನಲ್ಲೋ ಅಲ್ಲಿಗೆ ಹೋಗಬೇಡಿ.

7. ಲಿಫ್ಟ್ ಕೆಟ್ಟಿದ್ದರೆ

ಕೆಡುತ್ತದೆ. ಅದಕ್ಕೆ ಎರಡನೆಯ ದಾರಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಫೋನಿನ ಚಾರ್ಜನ್ನು ನಂಬಿಕೊಳ್ಳಬೇಡಿ. ನಾನು ಬರೆದುಕೊಡುವ ಚೀಟಿ ಹೀಗಿರುತ್ತದೆ: ಹೀಥ್ರೋದಿಂದ ಪಿಕಡಿಲಿ ಲೈನ್, ಎಲ್ಲೂ ಇಳಿಯದೆ ಕಿಂಗ್ಸ್ ಕ್ರಾಸ್, ಅಲ್ಲಿ ಲಿಫ್ಟಿನಲ್ಲಿ ಮೇಲೆ, ರಸ್ತೆಯಿಂದ 73 ಅಥವಾ 205ನೇ ನಂಬರಿನ ಬಸ್ಸು ಯೂಸ್ಟನ್ನಿಗೆ. ಲಂಡನ್ನಿನ ಬಸ್ಸುಗಳೆಲ್ಲ ತಗ್ಗು ನೆಲದವು, ಹತ್ತಲು ಮೆಟ್ಟಿಲಿಲ್ಲ. ಪ್ಯಾಡಿಂಗ್‌ಟನ್ನಿನಲ್ಲಿ ಇಳಿದುಬಿಟ್ಟಿದ್ದರೂ ಇದೇ 205 ಅಲ್ಲಿಂದ ಯೂಸ್ಟನ್ನಿಗೆ ಬರುತ್ತದೆ.

ನಿಲ್ದಾಣದ ಸಿಬ್ಬಂದಿಯನ್ನು ಕೇಳಲು ಸಂಕೋಚ ಬೇಡ. ನಮ್ಮ ಹಿರಿಯರು ಇಂಗ್ಲಿಷಿಗೆ ಅಂಜಿ ಸುಮ್ಮನಾಗುತ್ತಾರೆ. "ಲಿಫ್ಟ್, ಪ್ಲೀಸ್" ಅಂದರೆ ಸಾಕು, ದಾರಿ ತೋರಿಸುತ್ತಾರೆ. ಟ್ಯೂಬಿನಲ್ಲಿ ನೆರವಿಗೆ ಮೊದಲೇ ಹೇಳಿರಬೇಕಾಗಿಲ್ಲ. ಯೂಸ್ಟನ್ನಿನಿಂದ ಮುಂದಿನ ದೊಡ್ಡ ರೈಲಿಗೆ ಮಾತ್ರ ಪ್ಯಾಸೆಂಜರ್ ಅಸಿಸ್ಟ್ ಎಂಬುದನ್ನು ಎರಡು ಗಂಟೆ ಮೊದಲು ಬುಕ್ ಮಾಡಿ, ದುಡ್ಡಿಲ್ಲ. ನಡೆಯಲು ಕಷ್ಟವಿರುವವರನ್ನು ರೈಲಿನವರೆಗೂ ಕರೆದೊಯ್ಯುತ್ತಾರೆ.

ಬೇರೆ ಊರಿನವರಿಗೆ ಚುಟುಕಾಗಿ

ಲೀಡ್ಸ್, ಎಡಿನ್‌ಬರೊ ಕಡೆಯವರು ಕಿಂಗ್ಸ್ ಕ್ರಾಸಿಗೆ ಪಿಕಡಿಲಿ ಲೈನಿನಲ್ಲೇ ಬನ್ನಿ. ಬದಲಾವಣೆಯಿಲ್ಲದ ಒಂದು ಗಂಟೆ, ಎರಡು ಸಲ ಇಳಿದು ಹತ್ತುವ ನಲವತ್ತೈದು ನಿಮಿಷಕ್ಕಿಂತ ಮೇಲು. ವೆಂಬ್ಲಿಯವರು ಅದೇ ಲೈನಿನಲ್ಲಿ ಗ್ರೀನ್ ಪಾರ್ಕ್, ಅಲ್ಲಿ ಜೂಬಿಲಿ ಲೈನಿಗೆ ಬದಲಾಯಿಸಿ ವೆಂಬ್ಲಿ ಪಾರ್ಕ್. ಎರಡೂ ಕಡೆ ಲಿಫ್ಟಿದೆ, ಗ್ರೀನ್ ಪಾರ್ಕಿನ ಓಣಿ ಮಾತ್ರ ಉದ್ದ. ಇಲ್‌ಫರ್ಡಿನವರಿಗೆ ನೇರ ಎಲಿಜಬೆತ್ ಸಿಗದಿದ್ದರೆ ವೈಟ್‌ಚಾಪೆಲ್‌ನಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಶೆನ್‌ಫೀಲ್ಡ್ ರೈಲು ಹಿಡಿಯಿರಿ. ರೆಡಿಂಗಿಗೆ ಹೋಗುವವರು ಹೀಥ್ರೋದಿಂದ ರೇಲ್‌ಏರ್ ಬಸ್ಸನ್ನೇ ಹತ್ತಿ, ಪೆಟ್ಟಿಗೆಗಳು ಬಸ್ಸಿನ ಹೊಟ್ಟೆಯಲ್ಲಿ ಕೂರುತ್ತವೆ.

ಯಾರೇ ಆಗಲಿ, ವಾರದ ದಿನ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ ನಗರದ ನಡುವೆ ಪೆಟ್ಟಿಗೆ ಎಳೆಯಬೇಡಿ. ಬೆಳಗಿನ ಜಾವ ಇಳಿದಿದ್ದರೆ ಹೀಥ್ರೋದಲ್ಲೇ ಮುಖ ತೊಳೆದು, ಒಂದು ಕಾಫಿ ಕುಡಿದು, ಹತ್ತರ ಹೊತ್ತಿಗೆ ಹೊರಡಿ. ಯೂಸ್ಟನ್ನಿನಲ್ಲಿ ಪ್ಲಾಟ್‌ಫಾರ್ಮ್ ನಂಬರು ಬೋರ್ಡಿನ ಮೇಲೆ ಬರುವುದು ರೈಲು ಹೊರಡಲು ಸ್ವಲ್ಪವೇ ಹೊತ್ತಿರುವಾಗ, ಆಗ ಎಲ್ಲರೂ ಒಮ್ಮೆಲೇ ಓಡುತ್ತಾರೆ. ನೀವು ಓಡಬೇಡಿ. ಅಸಿಸ್ಟ್ ಬುಕ್ ಮಾಡಿದ್ದರೆ ಅದರ ಕೌಂಟರಿನ ಹತ್ತಿರವೇ ಕೂತಿರಿ. ಬೋಗಿಯೊಳಗೆ ಹೋದ ಮೇಲೆ ಪೆಟ್ಟಿಗೆಯನ್ನು ತಲೆಯ ಮೇಲಿನ ಅಟ್ಟಕ್ಕೆ ಎತ್ತುವ ಸಾಹಸ ಬೇಡ, ದೊಡ್ಡ ಪೆಟ್ಟಿಗೆಗಳ ಜಾಗ ಬಾಗಿಲ ಹತ್ತಿರ ನೆಲಮಟ್ಟದಲ್ಲಿ ಇರುತ್ತದೆ. ಅದು ಕಣ್ಣಿಗೆ ಬೀಳುವ ಕಡೆಯೇ ಸೀಟು ಹಿಡಿಯಿರಿ, ಆಮೇಲೆ ಮಗನಿಗೆ ಫೋನು ಮಾಡಿ ಎಷ್ಟನೇ ಬೋಗಿ ಎಂದು ತಿಳಿಸಿ.