ಒಣ ಬೆಟ್ಟದಲ್ಲಿ ಚಿಟ್ಟೆ ಹುಡ್ಕೋದು ಹೇಗೆ

ಚಿಟ್ಟೆ ನೋಡೋಕೆ ಮಲೆನಾಡಿಗೇ ಹೋಗ್ಬೇಕು ಅಂತೇನಿಲ್ಲ, ಮೇಲುಕೋಟೆ ಬಂಡೆಗಳು, ನಮ್ ಚಾಮುಂಡಿ ಬೆಟ್ಟದ ಕುರುಚಲು ಕಾಡು ಸಾಕು. ಬೆಳಗ್ಗೆ ಆರಕ್ಕೇ ಓಡ್ಬೇಡಿ, ಬಿಸಿಲು ಕಾಯ್ಸ್ಕೊಂಡು ಮೈ ಬಿಸಿಯಾದ್ಮೇಲೇ ಅವು ಹಾರೋದು, 9 ಗಂಟೆ ಮೇಲೆ ಹೋಗಿ. ಮೊದ್ಲು ಗಿಡ ಹುಡ್ಕಿ. ಎಕ್ಕದ ಗಿಡ ಕಂಡ್ರೆ ಎಲೆ ಅಡಿ ನೋಡಿ, ಕಪ್ಪು ಬಿಳಿ ಹಳದಿ ಪಟ್ಟೆ ಹುಳ ಇದ್ರೆ ಅದು ಪ್ಲೇನ್ ಟೈಗರ್ ಅನ್ನೋ ಚಿಟ್ಟೆ ಮರಿ, ಎಕ್ಕದ ವಿಷ ತಿಂದೇ ಬೆಳೆದು ಹಕ್ಕಿಗಳಿಂದ ಬಚಾವಾಗುತ್ತೆ. ಇದೇ ಚಿಟ್ಟೆ ಈಜಿಪ್ಟಿನ ಸಿನಾಯ್ ಮರುಭೂಮಿ ಬೆಟ್ಟದಲ್ಲೂ ಇದೆ, ಅಲ್ಲೇ ಇನ್ನೊಂದು ಪುಟಾಣಿ, ಸಿನಾಯ್ ಬೇಟನ್ ಬ್ಲೂ, ಒಂದೇ ಜಾತಿ ಥೈಮ್ (ಘಮ ಘಮ ಅನ್ನೋ ಪುಟ್ಟ ಗಿಡ) ನಂಬ್ಕೊಂಡು ಬದುಕಿದೆ, ನೆನೆಸ್ಕೊಂಡ್ರೆ ಹೊಟ್ಟೆ ಚುರ್ ಅನ್ನುತ್ತೆ. ಮಳೆ ನಿಂತ್ಮೇಲೆ ಒದ್ದೆ ಮಣ್ಣಿನ ಹತ್ರ ಸುಮ್ನೆ ಕೂತ್ಕೊಳ್ಳಿ, ಗಂಡು ಚಿಟ್ಟೆಗಳು ಉಪ್ಪಿನಂಶ ಹೀರೋಕೆ ಬರ್ತವೆ. ನಿಮ್ ನೆರಳು ಬೀಳ್ಬಾರ್ದು. ಹಿಡೀಬೇಡಿ, ಫೋಟೋ ಸಾಕು.