11 ಕೆವಿ ಪ್ಯಾನಲ್: ಆಫ್ ಮಾಡಿದ ಮೇಲೆ ಶುರುವಾಗುವ ಕೆಲಸ

ಕೆಲಸಕ್ಕೆ ಸೇರಿದ ಹೊಸದು. ಒಂದು ಕಾರ್ಖಾನೆಯ ಎಚ್‌ಟಿ (ಹೈ ಟೆನ್ಷನ್) ರೂಮಿನಲ್ಲಿ 11 ಕೆವಿಯ, ಅಂದರೆ 11,000 ವೋಲ್ಟ್‌ನ 7 ಪ್ಯಾನಲ್ ಸಾಲಾಗಿ ನಿಂತಿದ್ದವು. ಎಡಗಡೆಯಿಂದ 3ನೆಯದನ್ನು ಆಫ್ ಮಾಡಿದ್ದೆವು. ಕೇಬಲ್ ಬಾಕ್ಸ್ ಇರುವುದು ಹಿಂದುಗಡೆ. ನಾನು ಸ್ಪ್ಯಾನರ್ ಹಿಡಿದು ಹಿಂದೆ ಹೋದೆ, ಅಲ್ಲೂ ಎಡಗಡೆಯಿಂದಲೇ 3 ಎಣಿಸಿದೆ. ಹಿಂದೆ ಹೋದರೆ ಎಡ ಬಲ ಅದಲು ಬದಲಾಗುತ್ತೆ ಅಲ್ವಾ? ನಾನು ಬಿಚ್ಚುತ್ತಿದ್ದದ್ದು ಚಾಲೂ ಇದ್ದ 5ನೇ ಪ್ಯಾನಲ್. ಎರಡು ಬೋಲ್ಟ್ ಬಿಚ್ಚಿಯೂ ಆಗಿತ್ತು. ಅಷ್ಟರಲ್ಲಿ ಸೂಪರ್‌ವೈಸರ್ ಬಂದು, "ಏನಪ್ಪಾ, ಯಾರದನ್ನ ಬಿಚ್ತಾ ಇದ್ದೀಯ?" ಅಂದರು. ಹಿಂದಿನ ಕವರ್‌ಗಳ ಮೇಲೆ ಒಂದಕ್ಕೂ ಹೆಸರು ಬರೆದಿರಲಿಲ್ಲ.

ಆಫ್ ಮಾಡುವುದು ಬಟನ್ ಒತ್ತುವ ಕೆಲಸ. ಅದಾದ ಮೇಲೆ ಕೈಯಲ್ಲಿ ಮುಟ್ಟುವವರೆಗಿನ ಹೊತ್ತು ಇದೆಯಲ್ಲ, ಅಪಾಯ ಜಾಸ್ತಿ ಇರುವುದು ಅಲ್ಲೇ. ಆ ಹೊತ್ತಿನಲ್ಲಿ ಏನೇನು ಮಾಡಬೇಕು ಅನ್ನುವುದೇ ಈ ಲೇಖನ. ಉದಾಹರಣೆಗೆ 1000 ಕೆವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್‌ಗೆ ಹೋಗುವ ಒಂದು 11 ಕೆವಿ ವಿಸಿಬಿ (ನಿರ್ವಾತದಲ್ಲಿ ಕರೆಂಟ್ ಕಡಿಯುವ ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್) ಪ್ಯಾನಲ್ ಇಟ್ಟುಕೊಳ್ಳೋಣ.

ಮೊದಲು ಒಂದು ಮಾತು. ಮನೆ ವೈರಿಂಗ್ ಚೆನ್ನಾಗಿ ಗೊತ್ತು, 415 ವೋಲ್ಟ್ ಪ್ಯಾನಲ್ ಕಣ್ಣುಮುಚ್ಚಿ ಮಾಡುತ್ತೇನೆ ಅನ್ನುವವರಿಗೆ ಇದು ಅಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ಈ ಕೆಲಸಕ್ಕೆ ನೇಮಿಸಿದವರ ಹೆಸರು ರಿಜಿಸ್ಟರ್‌ನಲ್ಲಿ ಇರಬೇಕು, ಯಾವ ಕೆಲಸಕ್ಕೆ ಅನ್ನುವುದೂ ಬರೆದಿರಬೇಕು. ನಿಮ್ಮ ಹೆಸರು ಅಲ್ಲಿ ಇಲ್ಲವೇ? ಹಾಗಾದರೆ ಮ್ಯಾನೇಜರ್ ಎಷ್ಟೇ ಅವಸರ ಮಾಡಿದರೂ ಕೈ ಹಾಕಬೇಡಿ. 11 ಕೆವಿಯಲ್ಲಿ ಮುಟ್ಟಲೇಬೇಕು ಅಂತೇನಿಲ್ಲ, ಹತ್ತಿರ ಹೋದರೇ ಹಾರಿ ಹಿಡಿಯುತ್ತೆ.

ಹಿಂದಿನ ದಿನವೇ ಕಾಗದದ ಮೇಲೆ

ಸಿಂಗಲ್ ಲೈನ್ ಡಯಾಗ್ರಾಂ (ಕರೆಂಟ್ ಹರಿಯುವ ದಾರಿಗಳ ನಕ್ಷೆ) ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ನಾನು ಮುಟ್ಟುವ ಜಾಗಕ್ಕೆ ಕರೆಂಟ್ ಎಲ್ಲೆಲ್ಲಿಂದ ಬರಬಹುದು? ಬಸ್‌ಬಾರ್‌ನಿಂದ (ಎಲ್ಲ ಪ್ಯಾನಲ್‌ಗಳಿಗೂ ಕರೆಂಟ್ ಹಂಚುವ ಲೋಹದ ಪಟ್ಟಿ) ಬರುತ್ತೆ ಅನ್ನುವುದು ಎಲ್ಲರಿಗೂ ಹೊಳೆಯುತ್ತೆ. ಕೆಳಗಿನಿಂದ ಬರುವುದು ಮರೆತುಹೋಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಮೇಲೆ ಯಾವುದು, ಕೆಳಗೆ ಯಾವುದು ಅನ್ನುವ ಭೇದ ಇಲ್ಲ. ಜನರೇಟರ್ ಓಡುತ್ತಿದ್ದು, ಎಲ್‌ಟಿ (ಲೋ ಟೆನ್ಷನ್) ಕಡೆಯ ಎಸಿಬಿ (ಏರ್ ಸರ್ಕ್ಯೂಟ್ ಬ್ರೇಕರ್) ಯಾರೋ ಹಾಕಿಬಿಟ್ಟರೆ, 433 ವೋಲ್ಟ್ ಒಳಗೆ ಹೋಗಿ 11,000 ಆಗಿ ನಿಮ್ಮ ಕೇಬಲ್ ತುದಿಗೆ ಬಂದು ಕೂರುತ್ತೆ. ಚಾವಣಿ ಮೇಲೆ ಸೋಲಾರ್ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಪ್ಲೈ ಹೋದರೆ ಇನ್ವರ್ಟರ್ ತಾನೇ ನಿಲ್ಲುತ್ತೆ ಅನ್ನುವುದು ನಿಜ, ಆದರೆ ಅದನ್ನೇ ನಂಬಿ ಕೈ ಇಡುವುದು ಬೇಡ. ಎಲ್ಲ ದಾರಿಗಳನ್ನೂ ಬರೆದು, ಒಂದೊಂದಕ್ಕೂ ಎಲ್ಲಿ ಬೀಗ ಅಂತ ಪಕ್ಕದಲ್ಲೇ ಬರೆಯಿರಿ.

ಇನ್‌ಕಮರ್, ಅಂದರೆ ಹೊರಗಿನ ಸಪ್ಲೈ ಒಳಗೆ ಬರುವ ಪ್ಯಾನಲ್‌ನಲ್ಲಿ ಕೆಲಸ ಇದ್ದರೆ ಕಥೆಯೇ ಬೇರೆ. ನಿಮ್ಮ ಬ್ರೇಕರ್ ಆಫ್ ಮಾಡಿದರೂ ಅದರ ಕೇಬಲ್ ಸಬ್‌ಸ್ಟೇಷನ್‌ನಿಂದ ಚಾಲೂ ಇರುತ್ತೆ. ವಿದ್ಯುತ್ ಕಂಪನಿಯಿಂದ ಲೈನ್ ಕ್ಲಿಯರ್ (ಲೈನ್ ಆಫ್ ಆಗಿದೆ ಅನ್ನುವ ಲಿಖಿತ ಒಪ್ಪಿಗೆ) ಬರದೆ ಅಲ್ಲಿ ಅರ್ಥ್ ಸ್ವಿಚ್ (ಕೇಬಲನ್ನು ಭೂಮಿಗೆ ಜೋಡಿಸುವ ಸ್ವಿಚ್) ಮುಟ್ಟಲೇಬಾರದು.

ಆಫ್, ಆಮೇಲೆ ಹೊರಗೆ

ಮೊದಲು ಎಲ್‌ಟಿ ಎಸಿಬಿ ಆಫ್ ಮಾಡಿ, ಹೊರಗೆಳೆದು ಬೀಗ ಹಾಕಿ. 1000 ಕೆವಿಎಗೆ ಪೂರ್ತಿ ಲೋಡ್‌ನಲ್ಲಿ 11 ಕೆವಿ ಕಡೆ ಸುಮಾರು 52 ಆಂಪಿಯರ್ ಹರಿಯುತ್ತೆ. ಅಮ್ಮೀಟರ್ ಮೂರೂ ಫೇಸ್‌ನಲ್ಲಿ ಕೆಳಗಿಳಿದದ್ದು ನೋಡಿ, ಆಮೇಲೆ ವಿಸಿಬಿ ಟ್ರಿಪ್ ಮಾಡಿ. ಹೊರಗಡೆ ಕಂಬದ ಮೇಲೆ ಜಿಒಎಸ್ (ಮೂರೂ ಫೇಸ್ ಒಟ್ಟಿಗೆ ಬಿಡಿಸುವ ಗ್ಯಾಂಗ್ ಆಪರೇಟೆಡ್ ಸ್ವಿಚ್) ಇರುವ ಕಡೆ ಈ ಕ್ರಮ ಇನ್ನೂ ಮುಖ್ಯ. ಅದು ಲೋಡ್ ಕಡಿಯುವ ಸಾಧನ ಅಲ್ಲ. ಲೋಡ್ ಇದ್ದಾಗ ಎಳೆದರೆ ಬ್ಲೇಡಿನ ಜೊತೆ ಬೆಂಕಿಯೂ ಎಳೆದುಕೊಂಡು ಬರುತ್ತೆ.

ಈಗ ಪ್ಯಾನಲ್ ಮೇಲೆ ಹಸಿರು ದೀಪ, ‘ಆಫ್’ ಅನ್ನುವ ಗುರುತು. ಸುಮ್ನೆ ನಂಬಬೇಡಿ. ವಿಸಿಬಿಯ ಬಾಟಲ್ (ಗಾಳಿ ತೆಗೆದು ಮುಚ್ಚಿದ ಕೊಳವೆ) ಒಳಗೆ ಕಾಂಟ್ಯಾಕ್ಟ್‌ಗಳು ಬಿಟ್ಟುಕೊಳ್ಳುವುದು ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಅದೂ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಬ್ರೇಕರ್ ಕೂತಿರುವ ಟ್ರಾಲಿಯನ್ನು ಹೊರಗೆ ತೆಗೆಯುವುದು. ಬಾಗಿಲು ಮುಚ್ಚಿಟ್ಟುಕೊಂಡೇ, ಪಕ್ಕಕ್ಕೆ ನಿಂತು ಹ್ಯಾಂಡಲ್ ತಿರುಗಿಸಿ. ಬಿಗಿ ಬಂದರೆ ನಿಲ್ಲಿಸಿ. ಬ್ರೇಕರ್ ನಿಜಕ್ಕೂ ಆಫ್ ಆಗಿಲ್ಲ ಅಂತ ಇಂಟರ್‌ಲಾಕ್ (ತಪ್ಪು ಕ್ರಮದಲ್ಲಿ ಮಾಡದಂತೆ ತಡೆಯುವ ವ್ಯವಸ್ಥೆ) ಹೇಳುತ್ತಿರಬಹುದು. ಹ್ಯಾಂಡಲ್‌ಗೆ ಪೈಪ್ ತೂರಿಸಿ ಬಲ ಹಾಕುವವರನ್ನು ನೋಡಿದ್ದೇನೆ. ಅವರ ಪಕ್ಕ ನಿಲ್ಲಬೇಡಿ. ಟ್ರಾಲಿ ಹಿಂದೆ ಬಂದಂತೆ ಒಳಗೆ ಶಟರ್‌ಗಳು ಟಪ್ ಅಂತ ಮುಚ್ಚಿಕೊಳ್ಳುತ್ತವೆ. ಬಸ್‌ಬಾರ್ ಕಡೆಯ ಶಟರ್ ಹಿಂದೆ ಇನ್ನೂ 11 ಕೆವಿ ಇದೆ, ಅದಕ್ಕೊಂದು ಬೀಗ.

ಕಂಟ್ರೋಲ್ ಸಪ್ಲೈ ತೆಗೆದು, ಬ್ರೇಕರ್ ಅನ್ನು ಒಂದು ಸಲ ಕೈಯಿಂದಲೇ ಕ್ಲೋಸ್-ಟ್ರಿಪ್ ಮಾಡಿ ಸ್ಪ್ರಿಂಗ್ ಖಾಲಿ ಮಾಡಿ. ಚಾರ್ಜ್ ಆದ ಸ್ಪ್ರಿಂಗ್‌ಗೆ ಬೆರಳು ಯಾವುದು, ಲಿವರ್ ಯಾವುದು ಅಂತ ಗೊತ್ತಿಲ್ಲ. ಬೀಗದ ಕೀ ನಿಮ್ಮ ಜೇಬಿನಲ್ಲಿ ಇರಲಿ, ರೂಮಿನ ಗೋಡೆಯ ಮೊಳೆಯಲ್ಲಿ ಅಲ್ಲ.

ಸತ್ತಿದೆಯಾ ಅಂತ ಕೇಳಿ ನೋಡಿ

ಪ್ಯಾನಲ್‌ನ ನಿಯಾನ್ ದೀಪ ಆರಿದೆ ಅಂದರೆ ಕರೆಂಟ್ ಇಲ್ಲದಿರಬಹುದು, ದೀಪವೇ ಸುಟ್ಟಿರಲೂಬಹುದು. 11 ಕೆವಿಗೆ ತಕ್ಕ, ಕರೆಂಟ್ ಇದ್ದರೆ ಕೂಗುವ ಡಿಟೆಕ್ಟರ್ ಬೇಕು. ಮೊದಲು ಚಾಲೂ ಇರುವ ಕಡೆ ಅಥವಾ ಟೆಸ್ಟ್ ಯೂನಿಟ್ ಮೇಲೆ ಹಿಡಿದು ಅದು ಕೂಗುತ್ತೆ ಅಂತ ಖಾತ್ರಿ ಮಾಡಿ. ಆಮೇಲೆ ನಿಮ್ಮ ಮೂರೂ ಫೇಸ್ ನೋಡಿ. ಮತ್ತೆ ಚಾಲೂ ಕಡೆ ಹಿಡಿಯಿರಿ. ಕೊನೆಯ ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಮಧ್ಯದಲ್ಲಿ ಬ್ಯಾಟರಿ ಕೈಕೊಟ್ಟಿದ್ದರೆ ಗೊತ್ತಾಗುವುದು ಆಗಲೇ.

ಕೈಗೆ ಕ್ಲಾಸ್ 2 ರಬ್ಬರ್ ಗ್ಲೌಸ್. 17,000 ವೋಲ್ಟ್‌ವರೆಗೆ ಬಳಸಲು ಮಾಡಿದ್ದು. ಹಾಕುವ ಮುಂಚೆ ಗ್ಲೌಸ್‌ನ ಬಾಯಿಯ ಕಡೆಯಿಂದ ಸುರುಳಿ ಸುತ್ತಿ, ಗಾಳಿ ತುಂಬಿದ ಬೆರಳುಗಳನ್ನು ಕೆನ್ನೆಯ ಹತ್ತಿರ ಹಿಡಿದು ಒತ್ತಿ. ಸೂಜಿಯಷ್ಟು ತೂತಿದ್ದರೂ ಗಾಳಿ ಕೆನ್ನೆಗೆ ತಾಗುತ್ತೆ. ಕಾಲ ಕೆಳಗೆ ಭಾರತೀಯ ಮಾನಕ ಐಎಸ್ 15652 ಗುರುತಿನ, 11 ಕೆವಿಯ 2.5 ಮಿಲಿಮೀಟರ್ ದಪ್ಪದ ಮ್ಯಾಟ್. ಬಟ್ಟೆ ಹತ್ತಿಯದು, ಸಾಧ್ಯವಾದರೆ ಆರ್ಕ್ (ಗಾಳಿಯಲ್ಲಿ ಹಾರುವ ಕರೆಂಟಿನ ಬೆಂಕಿ) ತಡೆಯುವ ಸೂಟ್. ಆರ್ಕ್ ಹೊಡೆದರೆ ಅದರ ಬಿಸಿ ಸೂರ್ಯನ ಮೇಲ್ಮೈಗಿಂತ ಜಾಸ್ತಿ. ಪಾಲಿಯೆಸ್ಟರ್ ಶರ್ಟ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಉಂಗುರ, ವಾಚು, ಉಡಿದಾರದ ಬೆಳ್ಳಿ ಎಲ್ಲ ಲಾಕರ್‌ನಲ್ಲಿ.

ಅರ್ಥಿಂಗ್

ಉದ್ದದ ಕೇಬಲ್ ಅಂದರೆ ಕೆಪಾಸಿಟರ್ ಇದ್ದ ಹಾಗೆ. ಸಪ್ಲೈ ತೆಗೆದರೂ ಒಳಗೆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತೆ. ಒಳಗೇ ಅರ್ಥ್ ಸ್ವಿಚ್ ಇರುವ ಪ್ಯಾನಲ್ ಆದರೆ ಹಾಕಿ, ಬೀಗ ಜಡಿಯಿರಿ. ಕೈಯಲ್ಲಿ ಹಿಡಿಯುವ ಅರ್ಥಿಂಗ್ ರಾಡ್ ಬಳಸುವ ಕಡೆ ಮೊದಲು ಭೂಮಿಯ ಕಡೆಯ ಕ್ಲಾಂಪ್ ಬಿಗಿ ಮಾಡಿ, ಆಮೇಲೆ ರಾಡ್ ತುದಿ ಫೇಸ್‌ಗೆ ಮುಟ್ಟಿಸಿ. ಚಟ್ ಅಂತ ಸಣ್ಣ ಕಿಡಿ ಬಂದರೆ ಗಾಬರಿ ಬೇಡ. ಅದು ಉಳಿದಿದ್ದ ಚಾರ್ಜ್. ತೆಗೆಯುವಾಗ ಉಲ್ಟಾ: ಮೊದಲು ಫೇಸ್, ಕೊನೆಗೆ ಭೂಮಿ. ಇದನ್ನು ಹಿಂದುಮುಂದು ಮಾಡಿದರೆ ರಾಡಿನ ವೈರ್ ಹಿಡಿದ ನೀವೇ ಅರ್ಥಿಂಗ್. ಹಿಂದಿನ ಕವರ್ ತೆಗೆದ ಮೇಲೆ ಕೇಬಲ್ ತುದಿಯಲ್ಲಿ ಇನ್ನೊಂದು ಸಲ ಡಿಟೆಕ್ಟರ್ ಹಿಡಿಯಿರಿ. ನಾನು 5ನೇ ಪ್ಯಾನಲ್ ಬಿಚ್ಚಿದ ಹಾಗೆ ನೀವು ಬಿಚ್ಚಿದ್ದರೆ ಅದು ಅಲ್ಲಿ ಕೂಗುತ್ತೆ.

ಲೈನ್ ಕ್ಲಿಯರ್ ಕಾಗದ

ಇಷ್ಟಾದ ಮೇಲೆ ಪರ್ಮಿಟ್, ಅಂದರೆ ಕೆಲಸಕ್ಕೆ ಲಿಖಿತ ಅನುಮತಿ. ಯಾವ ಪ್ಯಾನಲ್, ಎಲ್ಲೆಲ್ಲಿ ಬೀಗ, ಎಲ್ಲೆಲ್ಲಿ ಅರ್ಥಿಂಗ್, ಎಷ್ಟು ಜನ, ಎಷ್ಟು ಗಂಟೆ. ಕೊಟ್ಟವರದ್ದೂ ಪಡೆದವರದ್ದೂ ಸಹಿ. ಎರಡು ತಂಡ ಇದ್ದರೆ ಎರಡು ಪರ್ಮಿಟ್. ಪಡೆದವರೇ ವಾಪಸ್ ಮಾಡಬೇಕು, ಅವರ ಪರವಾಗಿ ಇನ್ನೊಬ್ಬರು "ಆಯ್ತು ಸಾರ್, ಹಾಕಿ" ಅನ್ನುವ ಹಾಗಿಲ್ಲ. "2 ಗಂಟೆಗೆ ಸರಿಯಾಗಿ ಆನ್ ಮಾಡಿ, ಅಷ್ಟೊತ್ತಿಗೆ ಮುಗಿದಿರುತ್ತೆ" ಅನ್ನುವ ಬಾಯಿಮಾತಿನ ಒಪ್ಪಂದವನ್ನಂತೂ ಯಾವತ್ತೂ ಮಾಡಿಕೊಳ್ಳಬೇಡಿ. ಇಬ್ಬರ ವಾಚುಗಳಲ್ಲಿ 5 ನಿಮಿಷ ಹೆಚ್ಚುಕಮ್ಮಿ ಇದ್ದರೆ ಮುಗಿಯಿತು.

ವಾಪಸ್ ಚಾಲೂ

ಸ್ಪ್ಯಾನರ್, ಬಟ್ಟೆ, ಬೋಲ್ಟ್ ಲೆಕ್ಕ ಹಾಕಿ. ಜನರ ತಲೆ ಎಣಿಸಿ. ಅರ್ಥಿಂಗ್ ತೆಗೆದು 5 ಕೆವಿ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಪರೀಕ್ಷಿಸುವ ಉಪಕರಣ) ಕೇಬಲ್ ನೋಡಿ. ನೋಡಿದ ಮೇಲೆ ಅದನ್ನು ಮತ್ತೆ ಡಿಸ್ಚಾರ್ಜ್ ಮಾಡಿ, ಮೆಗ್ಗರ್ ತುಂಬಿದ ಚಾರ್ಜ್ ಕೂಡ ಹೊಡೆಯುತ್ತೆ. ಪರ್ಮಿಟ್ ರದ್ದಾದ ಮೇಲೆ ಟ್ರಾಲಿ ಒಳಗೆ ಹಾಕಿ, ಬಾಗಿಲು ಭದ್ರ ಮಾಡಿ. ರಿಮೋಟ್ ಇದ್ದರೆ ದೂರದಿಂದ, ಇಲ್ಲದಿದ್ದರೆ ಪಕ್ಕಕ್ಕೆ ನಿಂತು ಕ್ಲೋಸ್ ಮಾಡಿ. ಟ್ರಾನ್ಸ್‌ಫಾರ್ಮರ್ ಮೊದಲು ಒಂದು ಸಲ ಜೋರಾಗಿ ಗುರ್ ಅನ್ನುತ್ತೆ, ಆಮೇಲೆ ಸಮನಾದ ಗುಂಯ್ ಸದ್ದಿಗೆ ಇಳಿಯುತ್ತೆ. ಹಾಗೇ ಕೆಲವು ನಿಮಿಷ ಖಾಲಿ ಬಿಟ್ಟು ಎಲ್‌ಟಿ ಎಸಿಬಿ ಹಾಕಿ, ರಿಜಿಸ್ಟರ್‌ನಲ್ಲಿ ಹೊತ್ತು ಬರೆಯಿರಿ. ಆಮೇಲೆ ಬಣ್ಣದ ಡಬ್ಬಿ, ಬ್ರಷ್ ತಗೊಂಡು ಹಿಂದುಗಡೆ ಹೋಗಿ. ಕವರ್‌ಗಳ ಮೇಲೂ, ಕವರ್ ತೆಗೆದರೆ ಕಾಣುವ ಫ್ರೇಮಿನ ಮೇಲೂ ಪ್ಯಾನಲ್ ನಂಬರ್ ಬರೆಯಿರಿ, ಯಾಕೆಂದರೆ ಕವರ್‌ಗಳು ಒಂದರ ಜಾಗಕ್ಕೆ ಒಂದು ಹೋಗುವುದು ಮಾಮೂಲಿ.