ನಾಯಿಯ ಎಕೋದಲ್ಲಿ 1.6 ಬಂತು, ನಂಬುವುದೆಷ್ಟು?

ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ಸೋರುತ್ತಿರುವ ನಾಯಿಗೆ, ಇನ್ನೂ ಕೆಮ್ಮು ಏದುಸಿರು ಏನೂ ಇಲ್ಲದಿರುವಾಗಲೇ ಪಿಮೊಬೆಂಡಾನ್ ಎಂಬ ಹೃದಯದ ಔಷಧಿ ಶುರು ಮಾಡಬೇಕೇ? 2019ರ ಎಸಿವಿಐಎಂ (ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ) ಮಾರ್ಗಸೂಚಿ ಕೇಳುವುದು ನಾಲ್ಕು: ಮರ್ಮರ್ (ಹೃದಯದ ಅಸಹಜ ಸದ್ದು) ಗ್ರೇಡ್ 3 ಅಥವಾ ಮೇಲೆ, ಎಡ ಹೃತ್ಕರ್ಣ (ಹೃದಯದ ಮೇಲಿನ ಕೋಣೆ)–ಅಯೋರ್ಟಾ (ಮಹಾಪಧಮನಿ) ಅನುಪಾತ 1.6 ಅಥವಾ ಹೆಚ್ಚು, ತೂಕಕ್ಕೆ ಹೊಂದಿಸಿದ ಎಡ ಕುಕ್ಷಿಯ (ಕೆಳಗಿನ ಕೋಣೆಯ) ವ್ಯಾಸ 1.7 ಅಥವಾ ಹೆಚ್ಚು, ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಮಣಿಗಳ ಲೆಕ್ಕದಲ್ಲಿ ಹೃದಯದ ಅಳತೆ 10.5ಕ್ಕಿಂತ ಜಾಸ್ತಿ. ಇದರಲ್ಲಿ ಅನುಪಾತ, ವ್ಯಾಸ ಎರಡೂ ಎಕೋದಿಂದಲೇ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಿಂದಲೇ ಬರಬೇಕು. ಪಾಮ್, ಡ್ಯಾಶ್‌ಹುಂಡ್‌ನಂಥ ಸಣ್ಣ ನಾಯಿಯಲ್ಲಿ ಈ ಗೆರೆಯ ಆಚೆಯೋ ಈಚೆಯೋ ಎಂಬುದು ಒಂದು ಮಿಲಿಮೀಟರ್‌ನಲ್ಲಿ ಬದಲಾಗಿಬಿಡುತ್ತದೆ.

ಲೆಕ್ಕ ನೋಡಿ. ಹೃತ್ಕರ್ಣ 2.4 ಸೆಂ.ಮೀ., ಅಯೋರ್ಟಾ 1.5 ಆದರೆ ಅನುಪಾತ 1.60. ಅಯೋರ್ಟಾವನ್ನು 1.4 ಎಂದು ಅಳೆದರೆ 1.71, 1.6 ಎಂದು ಅಳೆದರೆ 1.50. ಎಲ್ಲರ ಕಣ್ಣೂ ಹೃತ್ಕರ್ಣದ ಮೇಲೆ. ಆದರೆ ಭಾಜಕ ಚಿಕ್ಕದು, ಅಲ್ಲಿನ ತಪ್ಪೇ ದುಬಾರಿ. ಅದಕ್ಕೇ ನಾನು ಮೊದಲು ಅಯೋರ್ಟಾ ಸರಿಮಾಡಿಕೊಳ್ಳುತ್ತೇನೆ.

ನಾಯಿಯನ್ನು ಬಲ ಮಗ್ಗುಲಿಗೆ, ಕಂಡಿ ಕೊರೆದ ಟೇಬಲ್ ಮೇಲೆ ಮಲಗಿಸಿ, ಪ್ರೋಬನ್ನು ಕೆಳಗಿನಿಂದ ಇಡುತ್ತೇನೆ. ಇಸಿಜಿ ಕ್ಲಿಪ್ ಹಾಕದೆ ಅಳತೆ ಶುರು ಮಾಡುವುದಿಲ್ಲ. ಶಾರ್ಟ್ ಆಕ್ಸಿಸ್‌ನಲ್ಲಿ (ಹೃದಯದ ಅಡ್ಡ ಕೊಯ್ತದ ನೋಟದಲ್ಲಿ) ಅಯೋರ್ಟಾ ದುಂಡಗೆ ಕಾಣಬೇಕು, ಅದರ ಕವಾಟದ ಮೂರು ಎಸಳೂ ಬೆಂಜ್ ಕಾರಿನ ಗುರುತಿನಂತೆ ಸೇರಬೇಕು. ಮೊಟ್ಟೆಯಾಕಾರ ಬಂದರೆ ಪ್ರೋಬ್ ಓರೆಯಾಗಿದೆ ಎಂದರ್ಥ. ಆ ದೃಶ್ಯ ಅಳೆಯುವುದೇ ಬೇಡ. ಲೂಪ್ (ಎಕೋದ ವಿಡಿಯೊ ತುಣುಕು) ನಿಲ್ಲಿಸಿ ಹಿಂದಕ್ಕೆ ಸರಿಸುತ್ತಾ, ಎಸಳು ಮುಚ್ಚಿದ ಮೇಲಿನ ಮೊದಲ ಫ್ರೇಮ್ ಹುಡುಕುತ್ತೇನೆ. ನಾನ್‌ಕರೋನರಿ ಮತ್ತು ಬಲ ಕರೋನರಿ ಎಸಳು ಸೇರುವ ಗೆರೆಯುದ್ದಕ್ಕೂ ಒಳ ಅಂಚಿನಿಂದ ಒಳ ಅಂಚಿಗೆ ಅಯೋರ್ಟಾ. ನಾನ್‌ಕರೋನರಿ ಮತ್ತು ಎಡ ಕರೋನರಿ ಎಸಳು ಸೇರುವ ಗೆರೆಯನ್ನೇ ಮುಂದಕ್ಕೆ ಎಳೆದು ಹೃತ್ಕರ್ಣದ ಆಚೆ ಗೋಡೆಯವರೆಗೆ ಇನ್ನೊಂದು. ಆ ಗೋಡೆಯ ಹತ್ತಿರವೇ ಶ್ವಾಸಕೋಶದಿಂದ ರಕ್ತ ತರುವ ಪಲ್ಮನರಿ ವೇನ್ ಬಾಯಿ ತೆರೆದಿರುತ್ತದೆ. ಕ್ಯಾಲಿಪರ್ (ತೆರೆಯ ಮೇಲಿನ ಅಳತೆ ಚುಕ್ಕೆ) ಅದರೊಳಕ್ಕೆ ಜಾರಿದರೆ ಹೃತ್ಕರ್ಣ ಸುಮ್ಮನೆ ದೊಡ್ಡದಾಗುತ್ತದೆ. ಗೋಡೆ ಕಾಣದಿದ್ದರೆ ಪ್ರೋಬ್ ತುಸು ತಿರುಗಿಸಬೇಕೇ ಹೊರತು ಅಂದಾಜಿನ ಮೇಲೆ ಚುಕ್ಕೆ ಇಡಬಾರದು. ತಡವಾದ ಫ್ರೇಮ್ ಹಿಡಿದರೆ ಇದಕ್ಕೆ ಉಲ್ಟಾ: ಮೈಟ್ರಲ್ ತೆರೆದು ರಕ್ತ ಇಳಿದಿರುತ್ತದೆ, ಹೃತ್ಕರ್ಣ ಕುಗ್ಗಿರುತ್ತದೆ.

ಕುಕ್ಷಿಯ ವ್ಯಾಸದಲ್ಲಿ ಗೋಳು ಬೇರೆ. ಕರ್ಸರ್ ಕುಕ್ಷಿಯೊಳಗೆ ಚಾಚಿದ ಎರಡು ಪ್ಯಾಪಿಲರಿ ಸ್ನಾಯುಗಳಲ್ಲಿ ಒಂದರ ಮೇಲೆ ಹಾಯ್ದರೆ ಕುಳಿ ಚಿಕ್ಕದಾಗುತ್ತದೆ. ಎರಡರ ನಡುವೆ ಹಾಯಬೇಕು, ಇಸಿಜಿಯ ಕ್ಯೂಆರ್‌ಎಸ್ (ಕುಕ್ಷಿ ಹಿಂಡುವ ಮುನ್ನ ಬರುವ ಚೂಪು ಅಲೆ) ಶುರುವಿನಲ್ಲಿ ಅಳೆಯಬೇಕು. ಒಮ್ಮೆ ಎಂ-ಮೋಡ್ (ಒಂದೇ ಗೆರೆಯ ಚಿತ್ರ), ಇನ್ನೊಮ್ಮೆ ಟೂಡಿಯಲ್ಲಿ (ಪೂರ್ತಿ ಚಿತ್ರದಲ್ಲಿ) ಅಳೆದು ಎರಡನ್ನೂ ಹೋಲಿಸಬಾರದು. ಆಮೇಲೆ ಸೆಂ.ಮೀ. ಸಂಖ್ಯೆಯನ್ನು ತೂಕದ 0.294ನೇ ಘಾತದಿಂದ ಭಾಗಿಸಬೇಕು. ಇಲ್ಲಿ ತೂಕವೇ ಕೈಕೊಡುತ್ತದೆ. 8 ಕೆಜಿ ಇರಬೇಕಾದ ನಾಯಿ ಬೊಜ್ಜು ಬೆಳೆಸಿ 10 ಕೆಜಿ ತೂಗಿದರೆ, 3.2 ಸೆಂ.ಮೀ. ಕುಕ್ಷಿ 1.74ರ ಬದಲು 1.63 ಎಂದು ಬರುತ್ತದೆ. ಹೃದಯ ಅದೇ, ಅಳತೆ ಅದೇ, ಔಷಧಿ ಮಾತ್ರ ತಪ್ಪಿತು. ಬೊಜ್ಜಿನ ನಾಯಿಗೆ ನಾನು ಎರಡೂ ತೂಕದ ಲೆಕ್ಕ ಬರೆದಿಡುತ್ತೇನೆ.

ನಮ್ಮ ಕೈ ಎಷ್ಟು ಅಲ್ಲಾಡುತ್ತದೆ ಎಂದು ನಾವೇ ಅಳೆದುಕೊಳ್ಳಬೇಕು. ನಿಲ್ಲಿಸಿದ ಒಂದೇ ಫ್ರೇಮನ್ನು ಮೂರು ಸಲ ಅಳೆದು ಒಂದೇ ಉತ್ತರ ಬಂತೆಂದು ಹಿಗ್ಗುವವರೇ ಜಾಸ್ತಿ. ಅದು ಕ್ಯಾಲಿಪರ್ ಹಿಡಿದ ಬೆರಳಿನ ಪರೀಕ್ಷೆ ಮಾತ್ರ. ಪ್ರೋಬ್ ಎದೆಯಿಂದ ತೆಗೆದು, ಮತ್ತೆ ಇಟ್ಟು, ಹೊಸದಾಗಿ ನೋಟ ಹಿಡಿಯಬೇಕು. ಬೇರೆ ಬೇರೆ ಗಾತ್ರದ ಐದಾರು ನಾಯಿ, ಇಬ್ಬರು ಡಾಕ್ಟರು, ತಲಾ ಮೂರು ಸಲ, ಒಬ್ಬರ ಅಂಕೆ ಇನ್ನೊಬ್ಬರಿಗೆ ಕಾಣದಂತೆ. ಒಂದು ನಾಯಿಗೆ ಒಬ್ಬರದೇ ಕೈಯಲ್ಲಿ 1.52, 1.60, 1.66 ಬಂತು ಎನ್ನಿ. ಸ್ಟ್ಯಾಂಡರ್ಡ್ ಡೀವಿಯೇಶನ್ 0.07, ಸರಾಸರಿಯ ಶೇ. 4.4. ಶೇಕಡಾದಲ್ಲಿ ಹೇಳಿದರೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಆ 0.07ನ್ನು 2.77ರಿಂದ (ಎರಡು ಅಳತೆಗಳ ವ್ಯತ್ಯಾಸ ಶೇ. 95 ಸಲ ಎಷ್ಟರೊಳಗಿರುತ್ತದೆ ಎಂದು ಹೇಳುವ ಗುಣಕ) ಗುಣಿಸಿ: 0.19. ಒಂದೊಂದೇ ಅಳತೆ ಹೋಲಿಸುವಾಗ ಇದಕ್ಕಿಂತ ಕಡಿಮೆ ವ್ಯತ್ಯಾಸ ನಾಯಿಯದೋ ನಮ್ಮ ಕೈಯದೋ ಗೊತ್ತಾಗದು. ಹೋದ ಸಲ 1.60, ಈ ಸಲ 1.75 ಅಂದ ಮಾತ್ರಕ್ಕೆ ಕಾಯಿಲೆ ಏರಿತೆನ್ನಲಾಗದು. (ಲೆಕ್ಕ ಹಾಕುವಾಗ ಎಲ್ಲ ನಾಯಿಗಳ ವೇರಿಯನ್ಸ್‌ನ (ಡೀವಿಯೇಶನ್‌ನ ವರ್ಗದ) ಸರಾಸರಿ ತೆಗೆದು ವರ್ಗಮೂಲ ಹಿಡಿಯಿರಿ, ಡೀವಿಯೇಶನ್‌ಗಳನ್ನೇ ನೇರ ಸರಾಸರಿ ಮಾಡಬೇಡಿ.)

ಮೂರರಿಂದ ಐದು ಬಡಿತದ ಸರಾಸರಿ ಕೊಟ್ಟರೆ ಅಲ್ಲಾಟ ಇಳಿಯುತ್ತದೆ. ನಾಯಿಗಳಲ್ಲಿ ಉಸಿರಿನ ಜೊತೆ ಬಡಿತದ ಅಂತರ ಹಿಗ್ಗಿ ಕುಗ್ಗುವುದರಿಂದ ಒಂದೇ ಬಡಿತ ನೆಚ್ಚಿಕೊಳ್ಳುವಂತಿಲ್ಲ. ಆದರೆ ಐದರಲ್ಲೂ ಕ್ಯಾಲಿಪರ್ ವೇನ್‌ನೊಳಗೇ ಇದ್ದರೆ ಸರಾಸರಿ ಏನು ಮಾಡೀತು?

ಮರುತಪಾಸಣೆಗೆ ಬಂದಾಗ ಹಳೆಯ ರಿಪೋರ್ಟ್ ನೋಡದೆ ಅಳೆಯುತ್ತೇನೆ. ಆಮೇಲೆ ಹಳೆಯ ಲೂಪ್ ತೆರೆದು ಅದನ್ನೂ ಅದೇ ದಿನ, ಅದೇ ಕೈಯಲ್ಲಿ ಮತ್ತೆ ಅಳೆಯುತ್ತೇನೆ. ಹೋಲಿಸುವುದು ಆ ಎರಡನ್ನು. ಇದಕ್ಕಾಗಿ ಸ್ಥಿರಚಿತ್ರ ಸಾಲದು, ಪೂರ್ತಿ ಲೂಪ್ ಉಳಿಸಿರಬೇಕು. ರಿಪೋರ್ಟ್‌ನಲ್ಲಿ ಅನುಪಾತದ ಜೊತೆ ಎರಡೂ ಮೂಲ ಅಳತೆ, ತೂಕ, ವಿಧಾನ, ಎಷ್ಟು ಬಡಿತ, ಮತ್ತಿನ ಔಷಧಿ ಕೊಟ್ಟಿದ್ದರೆ ಯಾವುದು, ಎಲ್ಲ ಬರೆಯುತ್ತೇನೆ. ಗೆರೆಯ ಮೇಲೇ ನಿಂತ ನಾಯಿಯಾದರೆ ಮನೆಯವರಿಗೆ ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಬರೆದಿಡಲು ಹೇಳಿ, 30 ದಾಟುತ್ತಲೇ ಇದ್ದರೆ ತಕ್ಷಣ, ಇಲ್ಲದಿದ್ದರೆ ಆರು ತಿಂಗಳಿಗೆ ಮತ್ತೆ ಕರೆಸುತ್ತೇನೆ.